ನಮ್ಮ ಒಡ್ಡಿನ ಹುತ್ತ

ಮುಂಜಾನೆ ಫೋನು ರಿಂಗಾದರೆ ಎತ್ತುವ ಮೊದಲೇ ನನಗೆ ಸುಸ್ತಾಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಯಾರಿಗೆ ಏನಾಯಿತೋ ಎಂದು ಉಳಿದವರ ಎದೆ ಹೊಡೆದುಕೊಳ್ಳುತ್ತದಂತೆ. ನನ್ನ ಎದೆ ಹೊಡೆದುಕೊಳ್ಳುವುದು ಒಡ್ಡಿಗೆ ಏನಾಯಿತೋ ಎಂದು.

‘ಅಕ್ಕಾರ, ನಿಮ್ಮ ಕೆರ್ಯಾಗ ಎಮ್ಮಿ ಸಿಕ್ಕೊಂಡೈತ್ರಿ, ಲಗೂ ಬರ್ರಿ.’

‘ಅಕ್ಕಾರ, ಯಾರೋ ನಿಮ್ಮ ಒಡ್ಡಿನ ಮ್ಯಾಲೆ ಟ್ರ್ಯಾಕ್ಟರ್ ಹಾಯಿಸ್ಯಾರ ನೋಡ್ರಿ, ದಂಡಿ ಕುಸದೈತಿ.’

‘ಅಕ್ಕಾರ, ಮದುವಿ ಊಟದ ಎಲಿ ಎಲ್ಲಾ ತಂದು ನಿಮ್ಮ ನೀರಾಗ ಒಗದಾರ್ರಿ.’

ಎಮ್ಮೆ ನನ್ನದಲ್ಲ, ಟ್ರ್ಯಾಕ್ಟರ್ ನನ್ನದಲ್ಲ, ಆ ಮದುವೆಗೆ ನನ್ನನ್ನು ಯಾರೂ ಕರೆದಿರಲೂ ಇಲ್ಲ. ಆದರೆ ಒಡ್ಡು ನನ್ನದು. ಬೆಂಗೇರಿ ದಾಟಿ ಸ್ವಲ್ಪ ದೂರ ಹೋದರೆ ಒಂದು ಸಣ್ಣ ಹಳ್ಳ ಸಿಗುತ್ತದೆ. ನಮ್ಮ ಅಜ್ಜ ತನ್ನ ಹೊಲದಲ್ಲಿ, ತನ್ನ ಎತ್ತು ಹೂಡಿ, ತಾನೇ ನಿಂತು ಆ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿಸಿದ. ಸರಕಾರದ್ದಲ್ಲ, ಊರಿನದ್ದಲ್ಲ, ಮಠದ್ದೂ ಅಲ್ಲ. ಅಜ್ಜನಿಂದ ಅಪ್ಪನಿಗೆ ಬಂತು. ಅಪ್ಪನಿಗೆ ನಾನೊಬ್ಬಳೇ ಮಗಳು, ಹಾಗಾಗಿ ನನಗೆ ಬಂತು. ಉಳಿದವರಿಗೆ ತವರಿನಿಂದ ಸರ ಬರುತ್ತದೆ, ಬಳೆ ಬರುತ್ತವೆ. ನನಗೆ ಬಂದದ್ದು ಒಂದು ಗುಡ್ಡೆ ಮಣ್ಣು ಮತ್ತು ಅದರ ಹಿಂದೆ ನಿಂತ ನೀರು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಿವೃತ್ತಳಾದ ಮೇಲೆ ಕೇಶ್ವಾಪುರದ ಮನೆಯಲ್ಲಿ ಕಾಲು ಚಾಚಿ ಕೂತು ಚಹಾ ಕುಡಿಯಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಅದೂ ಆಗಲಿಲ್ಲ. ಮಳೆ ಚೆನ್ನಾಗಿ ಬಿದ್ದು ನೀರು ತುಂಬಿದಾಗ ಸುತ್ತಲಿನವರೆಲ್ಲ ‘ನಮ್ಮ ಕೆರಿ’ ಅನ್ನುತ್ತಾರೆ. ಬಾವಿಗೆ ನೀರೇರಿತು, ಬೋರಿಗೆ ಜೀವ ಬಂತು ಎಂದು ಹಿಗ್ಗುತ್ತಾರೆ. ಏನಾದರೂ ಕೆಟ್ಟರೆ ಮಾತ್ರ ಅದು ‘ನಿಮ್ಮ ಕೆರಿ’ ಆಗುತ್ತದೆ. ಕಚೇರಿಗಳಿಗೆ ಹೋಗಿ ಕೇಳಿದ್ದೂ ಆಯಿತು. ಖಾಸಗಿ ಒಡ್ಡು ಅಕ್ಕಾರ, ನೀವ ನೋಡ್ಕೋಬೇಕು ಎಂದು ಬಹಳ ಮರ್ಯಾದೆಯಿಂದ ಹೇಳಿ ಕಳಿಸಿದರು. ಮರ್ಯಾದೆಗೇನೂ ಕಡಿಮೆ ಇಲ್ಲ ನಮ್ಮ ಕಡೆ.

ಒಡ್ಡು ನೋಡಿಕೊಳ್ಳುವುದು ಅಂದರೆ ಏನೆಂದು ಅಪ್ಪ ನನಗೆ ಸಣ್ಣವಳಿದ್ದಾಗಲೇ ತೋರಿಸಿದ್ದ. ಅದರ ಮೇಲೆ ಜಾಲಿ ಹುಟ್ಟಿದರೆ ಬೇರು ಇಳಿಯುವ ಮೊದಲೇ ಕೀಳಬೇಕು. ಇಲಿ ತೋಡಿದ ಬಿಲ ಕಂಡರೆ ಹಸಿಮಣ್ಣು ತುರುಕಿ ಕುಟ್ಟಬೇಕು. ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿಯ ಬಾಯಲ್ಲಿ ಕಸ ಕೂರದ ಹಾಗೆ ನೋಡಬೇಕು. ಮಳೆಗಾಲದಲ್ಲಿ ಒಡ್ಡಿನ ಬೆನ್ನ ಕಡೆ, ಅಂದರೆ ನೀರಿಲ್ಲದ ಮಗ್ಗುಲಲ್ಲಿ, ಕೆಳಗಿನ ತುದಿಯವರೆಗೆ ನಡೆದು ಎಲ್ಲಿ ಜಿನುಗುತ್ತಿದೆ ಎಂದು ಕೈ ಇಟ್ಟು ನೋಡಬೇಕು.

‘ಮಣ್ಣಿನ ಒಡ್ಡು ಅಂದ್ಮ್ಯಾಲೆ ಜಿನುಗೇ ಜಿನುಗತೈತಿ,’ ಅನ್ನುತ್ತಿದ್ದ ಅಪ್ಪ. ‘ತಿಳಿ ನೀರು ಬಂದ್ರ ಬಿಡು. ರಾಡಿ ನೀರು ಬಂದ್ರ ಮಾತ್ರ ಬಿಡಬ್ಯಾಡ. ರಾಡಿ ಬರಾಕತ್ತು ಅಂದ್ರ ಒಡ್ಡು ಒಳಗಿಂದ ಕರಗಾಕತ್ತೈತಿ ಅಂತ ತಿಳಕೋ.’

ಇಷ್ಟೆಲ್ಲ ಕಟ್ಟುನಿಟ್ಟಿನ ಅಪ್ಪ ಒಂದು ಜಾಗವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಒಡ್ಡಿನ ಬೆನ್ನಿನ ಮೇಲೆ, ನಡುಮಟ್ಟದಲ್ಲಿ, ಗೆದ್ದಲು ಎಬ್ಬಿಸಿದ ಒಂದು ಹುತ್ತವಿತ್ತು. ಮಣ್ಣಿನ ಒಡ್ಡಿಗೆ ಹುತ್ತಕ್ಕಿಂತ ದೊಡ್ಡ ವೈರಿ ಇಲ್ಲ. ಹೊರಗೆ ಕಾಣುವುದು ಮೊಳಕಾಲೆತ್ತರ, ಒಳಗೆ ಅದರ ಓಣಿಗಳು ಎಲ್ಲೆಲ್ಲಿಗೆ ಹೋಗಿರುತ್ತವೋ ಶಿವನೇ ಬಲ್ಲ. ಅಪ್ಪನಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ನಾನು ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ ಒಂದು ಬೇಸಿಗೆಯಲ್ಲಿ ಅವನು ಗುದ್ದಲಿ ಹಿಡಿದು ಅದರ ಒಂದು ಮಗ್ಗುಲು ಕೆಡವಿಯೂ ಇದ್ದ. ಅದೇ ವಾರ, ತವರಿಗೆ ಬಂದಿದ್ದ ಅಪ್ಪನ ತಂಗಿಯ ಕೂಸಿಗೆ ಜ್ವರ ಬಂತು. ಇನ್ನೂ ಹೆಸರಿಡದ ಗಂಡುಕೂಸು. ಮೂರನೆಯ ದಿನ ತೀರಿಕೊಂಡಿತು.

ನಾಗಪ್ಪನ ಮನೆಗೆ ಕೈ ಹಾಕಿದ್ದಕ್ಕೆ ಹೀಗಾಯಿತು ಎಂದು ಓಣಿಯೆಲ್ಲ ಮಾತಾಡಿಕೊಂಡಿತು. ಅತ್ತೆ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲವಂತೆ. ‘ಅಣ್ಣಾ, ಇನ್ನ ಅದನ್ನ ಮುಟ್ಟಬ್ಯಾಡ’ ಎಂದಷ್ಟೇ ಅಂದಳಂತೆ. ಅಪ್ಪ ಮುಟ್ಟಲಿಲ್ಲ. ಹುತ್ತ ಮತ್ತೆ ಬೆಳೆಯಿತು. ಪ್ರತಿ ವರ್ಷ ಪಂಚಮಿಗೆ ಅತ್ತೆ ಕಮರಿಪೇಟೆಯ ಗಂಡನ ಮನೆಯಿಂದ ಬಂದು, ಅರಿಷಿಣ ಕುಂಕುಮ ಏರಿಸಿ, ಅದಕ್ಕೆ ಹಾಲೆರೆಯುತ್ತಿದ್ದಳು. ಅವಳನ್ನು ನೋಡಿ ಸುತ್ತಲಿನ ಹೊಲದವರ ಹೆಂಗಸರೂ ಬರತೊಡಗಿದರು. ನಮ್ಮ ಕಡೆ ಹಾಲೆರೆಯುವಾಗ ಮನೆಮಂದಿಯ ಒಬ್ಬೊಬ್ಬರ ಪಾಲು ಹೇಳಿ ಎರೆಯುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಅತ್ತೆ ಎಲ್ಲರನ್ನೂ ಮುಗಿಸಿ, ಕಡೆಗೆ ಚೊಂಬಿನಲ್ಲಿ ಉಳಿದ ಹಾಲನ್ನೆಲ್ಲ ‘ನನ್ನ ಕೂಸಿನ ಪಾಲು’ ಎಂದು ಬಗ್ಗಿಸಿ ಸುರಿಯುತ್ತಿದ್ದಳು. ಎಲ್ಲರ ಪಾಲು ಒಂದೊಂದು ಹನಿ, ಅವನದು ಅರ್ಧ ಚೊಂಬು. ಹಾಲು ಹುತ್ತದ ಬಾಯೊಳಗೆ ಇಳಿದು ಕಾಣದಾಗುತ್ತಿತ್ತು. ಕುಡದಾ ನೋಡು, ಎಂದು ನನಗೆ ಹೇಳುತ್ತಿದ್ದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಅವಳ ಗಂಡ ತೀರಿಕೊಂಡ ಮೇಲೆ ಅತ್ತೆಯನ್ನು ನಾನು ಕೇಶ್ವಾಪುರಕ್ಕೆ ಕರೆದುಕೊಂಡು ಬಂದೆ. ನನಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಇಬ್ಬರು ಮುದುಕಿಯರು, ಒಂದು ಟಿವಿ, ಎರಡು ತರಹದ ಮೊಣಕಾಲು ನೋವು. ಒಡ್ಡಿನ ಕೆಲಸ ಎಷ್ಟೇ ಬೇಸರವಾದರೂ ಹುತ್ತದ ವಿಷಯ ನಾನು ಎತ್ತುತ್ತಿರಲಿಲ್ಲ. ಗಣಿತ ಕಲಿಸಿದವಳು, ಹುತ್ತಕ್ಕೂ ಜ್ವರಕ್ಕೂ ಏನು ಸಂಬಂಧ ಅಂತ ವಾದಿಸಬಹುದಿತ್ತು. ಯಾರ ಮುಂದೆ ವಾದಿಸಲಿ? ಸತ್ತದ್ದು ಅವಳ ಕೂಸು.

ಈ ನಡುವೆ ಒಡ್ಡಿನ ಕೆಳಗೆ ಊರು ಬೆಳೆದಿತ್ತು. ಹಳ್ಳದ ದಂಡೆಯ ಹೊಲಗಳೆಲ್ಲ ಒಂದೊಂದಾಗಿ ಪ್ಲಾಟುಗಳಾದವು, ಪ್ಲಾಟುಗಳ ಮೇಲೆ ಮನೆಗಳೆದ್ದವು. ಎಲ್ಲಕ್ಕಿಂತ ಮೇಲಿನ ಮನೆ, ಅಂದರೆ ಒಡ್ಡಿಗೆ ಎಲ್ಲಕ್ಕಿಂತ ಹತ್ತಿರದ್ದು, ಬೆಂಗೇರಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಒಬ್ಬ ಭಾಯಿಯದು. ಬಹಳ ನಿಧಾನದ ಮನುಷ್ಯ, ಆದರೆ ಕಣ್ಣು ಚುರುಕು. ಮುಂಜಾನೆಯ ಫೋನುಗಳಲ್ಲಿ ಅರ್ಧ ಅವರವೇ. ಹೋದ ವರ್ಷ ಶ್ರಾವಣ ಹಿಡಿದಾಗ ಬಂದದ್ದೂ ಅವರದೇ. ಮಳೆ ಜಡಿಯಾಗಿ ಹಿಡಿದಿತ್ತು. ಪಂಚಮಿಗೆ ಮೂರು ದಿನವಿತ್ತು, ಅತ್ತೆ ಅಡುಗೆಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತಿದ್ದಳು.

‘ಅಕ್ಕಾರ, ಹುತ್ತದ ಕೆಳಗ ನೀರು ಬರಾಕತ್ತೈತ್ರಿ.’

‘ಜಿನುಗತೈತಿ ಭಾಯಿ, ದರ ವರ್ಷ ಜಿನುಗತೈತಿ,’ ಅಂದೆ.

‘ದರ ವರ್ಷದ್ದು ನನಗೂ ಗೊತ್ತೈತ್ರಿ. ಇದು ಚಹಾದ ಬಣ್ಣ ಐತಿ.’

ನಾನು ಆಟೋ ಹಿಡಿದು ಹೋದೆ. ಅವರು ಸುಳ್ಳು ಹೇಳಿರಲಿಲ್ಲ. ಹುತ್ತದ ನೇರ ಕೆಳಗೆ, ಒಡ್ಡಿನ ಬುಡದಲ್ಲಿ, ಬೆರಳು ಗಾತ್ರದ ನೀರು ಗುಳುಗುಳು ಎಂದು ಬರುತ್ತಿತ್ತು. ಅಂಗೈಯಲ್ಲಿ ಹಿಡಿದೆ. ನೀರು ಸೋರಿಹೋಗಿ ಅಂಗೈಯಲ್ಲಿ ನುಣ್ಣನೆಯ ಎರೆಮಣ್ಣು ಉಳಿಯಿತು. ಮೇಲೆ ಹತ್ತಿ ನೀರಿನ ಕಡೆ ನೋಡಿದರೆ ದಂಡೆಗೆ ಹತ್ತಿರ ಸಣ್ಣದೊಂದು ಸುಳಿ ತಿರುಗುತ್ತಿತ್ತು. ಅಲ್ಲಿಂದ ಒಳಗೆ ಹೊಕ್ಕ ನೀರು ಹುತ್ತದ ಓಣಿ ಹಿಡಿದು ಇಲ್ಲಿಗೆ ಬರುತ್ತಿದೆ ಅನ್ನುವುದಕ್ಕೆ ಯಾವ ಲೆಕ್ಕವೂ ಬೇಕಿರಲಿಲ್ಲ. ತಿರುಗಿ ಕೆಳಗೆ ನೋಡಿದೆ. ಭಾಯಿಯ ಮನೆಯ ಬಾಗಿಲಲ್ಲಿ ಅವರ ಮಗಳು ನಿಂತಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿ, ತುಂಬಿದ ಹೊಟ್ಟೆ, ಸೊಂಟದ ಮೇಲೆ ಕೈ.

ಪರಿಚಯದ ನಿವೃತ್ತ ಎಂಜಿನಿಯರರೊಬ್ಬರಿಗೆ ಫೋನು ಹಚ್ಚಿದೆ. ಅವರು ಎಲ್ಲ ಕೇಳಿಕೊಂಡು ಎರಡು ದಾರಿ ಹೇಳಿದರು. ಸುಳಿಯ ಮೇಲೆ ತಾಡಪತ್ರಿ ಹಾಸಿ, ಮಣ್ಣಿನ ಚೀಲ ಹೇರಿ, ನೀರು ಎಷ್ಟಾಗುತ್ತದೋ ಅಷ್ಟು ಇಳಿಸಬೇಕು. ಆಮೇಲೆ ಹುತ್ತವನ್ನು ಪೂರ್ತಿ ಅಗೆದು, ತೂತು ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ಬೆನ್ನಟ್ಟಿ, ಹಸಿಮಣ್ಣು ತುಂಬಿ ಗಚ್ಚಾಗಿ ಕುಟ್ಟಬೇಕು. ಅದಾಗುವುದಿಲ್ಲ ಅಂದರೆ ಒಂದು ಮಗ್ಗುಲಿನಿಂದ ಒಡ್ಡನ್ನೇ ಹದವಾಗಿ ಕಡಿದು ಕೆರೆ ಖಾಲಿ ಮಾಡಬೇಕು. ಎರಡೂ ಮಾಡದಿದ್ದರೆ? ಎಂದು ಕೇಳಿದೆ. ‘ಅಕ್ಕಾರ, ಅದನ್ನ ನನ್ನ ಬಾಯಿಲೆ ಹೇಳಸಬ್ಯಾಡ್ರಿ,’ ಅಂದರು.

ತಾಡಪತ್ರಿ ಹಾಸುವುದು ಕಷ್ಟವಾಗಲಿಲ್ಲ. ಭಾಯಿ ತಮ್ಮ ಅಂಗಡಿಯಿಂದ ದಪ್ಪ ಪೈಪುಗಳನ್ನು ತಂದು, ನೀರು ತುಂಬಿ, ಒಂದು ತುದಿ ಕೆರೆಯಲ್ಲಿ ಮುಳುಗಿಸಿ ಇನ್ನೊಂದನ್ನು ಒಡ್ಡಿನ ಮೇಲಿಂದ ಆಚೆ ಇಳಿಬಿಟ್ಟರು. ಒಂದು ಹಿಡಿ ಮಣ್ಣು ಕೀಳದೆ ನೀರು ತಾನೇ ಹತ್ತಿ ತಾನೇ ಇಳಿದು ಹಳ್ಳಕ್ಕೆ ಹರಿಯತೊಡಗಿತು. ಕೋಡಿಯ ಬಾಯಲ್ಲಿ ಹೆಚ್ಚಿನ ನೀರು ನಿಲ್ಲಿಸಲೆಂದು ಯಾರೋ ಪೇರಿಸಿದ್ದ ಕಲ್ಲುಗಳನ್ನೂ ತೆಗೆದೆವು. ಯಾರೋ ಅಂದರೆ ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಪಕ್ಕದ ಹೊಲದ ಕಾಕಾ. ಅರಳೆ ವ್ಯಾಪಾರದವರು, ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ಶಿವಾ ಅನ್ನುವವರು. ಅವರ ಬಾವಿ ನನ್ನ ಒಡ್ಡಿನ ನೀರಿನಿಂದಲೇ ಉಸಿರಾಡುತ್ತದೆ.

ಸುಳಿ ಸಣ್ಣದಾಯಿತು. ರಾಡಿ ನೀರು ಕಡಿಮೆಯಾಯಿತು, ನಿಲ್ಲಲಿಲ್ಲ. ಮೇಲಿನಿಂದ ಮಳೆಯೂ ನಿಲ್ಲಲಿಲ್ಲ. ಪೈಪು ಎಷ್ಟು ಹೊರಗೆ ಹಾಕುತ್ತಿತ್ತೋ ಹಳ್ಳ ಅಷ್ಟೇ ಒಳಗೆ ತಂದು ಸುರಿಯುತ್ತಿತ್ತು. ಹುತ್ತ ಅಗೆಯಲೇಬೇಕಿತ್ತು. ಆಗ ಶುರುವಾಯಿತು ನೋಡಿ ನನ್ನ ಪಾಡು.

ಜೆಸಿಬಿ ಕರೆಸಿದೆ. ಅದರ ಚಾಲಕ ಗಡಗಡ ಎಂದು ಬಂದ, ಇಳಿದ, ಹುತ್ತದ ಮೇಲಿನ ಕುಂಕುಮ ನೋಡಿದ, ಚಪ್ಪಲಿ ಬಿಟ್ಟು ಕೈ ಮುಗಿದ, ಮತ್ತೆ ಹತ್ತಿ ಹೊರಟೇಬಿಟ್ಟ. ‘ಪಂಚಮಿ ಮುಂದ ಇಟಗೊಂಡು ಎಂಥಾ ಕೆಲಸಕ್ಕ ಕರದೀರವಾ’ ಎಂದು ನನ್ನನ್ನೇ ಬೈದ. ಕೂಲಿಯವರನ್ನು ಕೇಳಿದೆ. ಪಂಚಮಿ ಕಳೆಯುವ ತನಕ ನೆಲಕ್ಕೆ ಕಬ್ಬಿಣ ಹಚ್ಚುವುದಿಲ್ಲ, ಕಳೆದ ಮೇಲೂ ಇದಕ್ಕೆ ಮಾತ್ರ ಹಚ್ಚುವುದಿಲ್ಲ ಅಂದರು. ಕಾಕಾ ಅವರು ಕೊಡೆ ಹಿಡಿದು ಬಂದು ಬುಡದ ರಾಡಿಯನ್ನು ನೋಡಿ ತಲೆ ಅಲ್ಲಾಡಿಸಿದರು.

‘ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಂಗ ಏನರ ಮಾಡ್ರಿ ಅಕ್ಕಾರ.’

‘ಹಂಗಂದ್ರ ಹೆಂಗ ಮಾಡ್ಲಿ ಹೇಳ್ರಿ ಕಾಕಾ. ನೀವ ದೊಡ್ಡವರದೀರಿ.’

‘ಅದನ್ನ ನಾ ಹೆಂಗ ಹೇಳಲಿ? ಒಡ್ಡು ನಿಮ್ಮದು.’

ಮೈಯೆಲ್ಲ ಉರಿಯಿತು. ಕೋಡಿಗೆ ಕಲ್ಲು ಪೇರಿಸುವಾಗ ಒಡ್ಡು ಯಾರದಾಗಿತ್ತು ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. ಜಗಳಕ್ಕೂ ಕಸುವು ಬೇಕಾಗುತ್ತದೆ, ನನ್ನಲ್ಲಿ ಉಳಿದಿರಲಿಲ್ಲ.

‘ಭಾಯಿ, ನೀವ ಅಗದು ಬಿಡ್ರಿ,’ ಅಂದೆ ಕಡೆಗೆ. ‘ನಿಮಗೇನು ಹುತ್ತ ದೇವರಲ್ಲ. ಕೆಳಗಿರೋದು ನಿಮ್ಮ ಮನಿ.’

ಭಾಯಿ ಕೈಯಲ್ಲಿದ್ದ ಪೈಪು ಕೆಳಗಿಟ್ಟರು. ‘ಅಕ್ಕಾರ, ಸಲಿಕಿ ಹಿಡಿಯೂದು ನನಗೇನು ದೊಡ್ಡ ಮಾತಲ್ರಿ. ಆದ್ರ ನಾ ಅಗದು, ನಾಳೆ ಇಲ್ಲಿ ಯಾರದರ ಎತ್ತು ಸತ್ರ, ಯಾರದರ ಕೂಸಿಗೆ ಜ್ವರ ಬಂದ್ರ, ಯಾರ ಹೆಸರು ಹೇಳತಾರ ಹೇಳ್ರಿ. ನಿಮ್ಮ ಹೆಸರು ಹೇಳಂಗಿಲ್ಲ. ಸಾಬ ಅಗದ ಅಂತಾರ. ಮನಿ ಮುಳಗಿದ್ರ ಮತ್ತ ಕಟ್ಟಬಹುದು, ಆ ಹೆಸರು ಬಂದ್ರ ಇಲ್ಲಿ ಇರಾಕ ಆಗೂದಿಲ್ರಿ.’

ಎಷ್ಟು ಖರೇ ಮಾತು. ನಾನು ಅದನ್ನು ಅವರ ಬಾಯಿಂದ ಹೇಳಿಸಬಾರದಿತ್ತು. ನಾಚಿಕೆಯಾಯಿತು.

‘ಹಂಗಾರ ಒಡ್ಡ ಒಡದು ಬಿಡೋಣ,’ ಅಂದೆ. ‘ಪೀಡಾ ಹೋಗಲಿ. ನನಗೂ ಸಾಕಾಗೇತಿ.’

‘ಒಡದ್ರ ಈ ಕಡೆ ಬೋರಿಗೆಲ್ಲಾ ನೀರು ಎಲ್ಲಿಂದ ಬರಬೇಕ್ರಿ?’ ಅಂದರು ಭಾಯಿ ಮೆಲ್ಲಗೆ. ‘ನಳದ ನೀರು ನಂಬಿ ಕುಂಡ್ರಾಕ ಆಗತೈತೇನ್ರಿ? ನಮ್ಮ ಓಣಿ ಒಂದ ಅಲ್ರಿ, ಕಾಕಾ ಅವರ ಬಾವಿ ಸೈತ ಒಣಗತೈತಿ.’

ಕಾಕಾ ಅವರ ಮುಖ ಆಗ ನೋಡಬೇಕಿತ್ತು. ಆದರೂ ಹುತ್ತ ಅಗೀರಿ ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ.

ಹೀಗೆ ಪಂಚಮಿ ಬಂತು. ನಾನು ಅತ್ತೆಗೆ ಒಂದಕ್ಷರವನ್ನೂ ಹೇಳಿರಲಿಲ್ಲ. ದಿನವೂ ಕೆಸರು ಸೀರೆಯಲ್ಲಿ ಮನೆಗೆ ಬರುತ್ತಿದ್ದ ನನ್ನನ್ನು ನೋಡಿ ಅವಳೂ ಏನೂ ಕೇಳಿರಲಿಲ್ಲ. ಮುಂಜಾನೆ ನೋಡಿದರೆ ಮಡಿಸೀರೆ ಉಟ್ಟು, ಚೊಂಬಿಗೆ ಹಾಲು ತುಂಬಿ, ಬೆಲ್ಲ ಹಾಕಿದ ಕೊಬ್ಬರಿ ಬಟ್ಟಲು ಹಿಡಿದು ಬಾಗಿಲಲ್ಲಿ ಕೂತಿದ್ದಾಳೆ.

‘ಅತ್ತಿ, ಈ ವರ್ಷ ಮನ್ಯಾಗ ಎರದು ಬಿಡು. ಅಲ್ಲೆ ಭಾಳ ರಾಡಿ ಆಗೇತಿ, ಕಾಲು ಜಾರತೈತಿ.’

‘ಜಾರಿದ್ರ ನನ್ನ ಕಾಲು ಜಾರತಾವು, ನಿನಗೇನಬೇ? ಆಟೋದಂವಗ ಕರಿ.’

ದಾರಿಯುದ್ದಕ್ಕೂ ನಾನು ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ. ಒಂದೂ ಕೂಡಲಿಲ್ಲ. ಅವಳಿಗೆ ಇಷ್ಟು ವಯಸ್ಸಾಗಿದೆ, ಇನ್ನೆಷ್ಟು ಪಂಚಮಿ ನೋಡುತ್ತಾಳೆ, ಅವಳಿರುವ ತನಕ ಹುತ್ತ ಇದ್ದುಕೊಳ್ಳಲಿ ಅನ್ನಿಸುತ್ತಿತ್ತು. ಮರುಕ್ಷಣ ಆ ತುಂಬಿದ ಹೊಟ್ಟೆಯ ಹುಡುಗಿ ಕಣ್ಣೆದುರು ಬರುತ್ತಿದ್ದಳು.

ಒಡ್ಡಿನ ಹತ್ತಿರ ಭಾಯಿ, ಕಾಕಾ ಇಬ್ಬರೂ ಇದ್ದರು. ಮಳೆ ಸ್ವಲ್ಪ ತೆರಪು ಕೊಟ್ಟಿತ್ತು. ಭಾಯಿಯ ಮಗಳು ಮನೆಯ ಸಾಮಾನನ್ನು ಎತ್ತರದ ಜಾಗಕ್ಕೆ ಸಾಗಿಸುತ್ತಿದ್ದಳು. ಭಾಯಿ ಬೇಡ ಎಂದರೂ ಕೇಳದೆ ಅರಿವೆಯ ಗಂಟು ಹೊತ್ತು ಏದುಸಿರು ಬಿಡುತ್ತ ನಡೆಯುತ್ತಿದ್ದಳು. ಅತ್ತೆ ನನ್ನ ತೋಳು ಹಿಡಿದು ಹುತ್ತದ ತನಕ ಹತ್ತಿದಳು. ಪೂಜೆ ಮಾಡಿದಳು. ಪಾಲು ಹೇಳಲು ಶುರುಮಾಡಿದಳು. ದೇವರ ಪಾಲು, ಗುರುವಿನ ಪಾಲು. ಸತ್ತವರು, ಇದ್ದವರು, ಎಲ್ಲರ ಪಾಲೂ ಆಯಿತು. ನನ್ನ ಪಾಲೂ ಬಂತು. ಕಡೆಗೆ, ‘ನನ್ನ ಕೂಸಿನ ಪಾಲು’ ಎಂದು ಚೊಂಬನ್ನು ಪೂರ್ತಿ ಬಗ್ಗಿಸಿದಳು.

ಹಾಲು ಒಳಗೆ ಇಳಿಯಿತು. ಅವಳು ಯಾವಾಗಿನಂತೆ ತೃಪ್ತಿಯಿಂದ ತಲೆದೂಗಿ, ಚೊಂಬು ತೊಳೆಯಲು ನನ್ನ ಕೈ ಹಿಡಿದು ಮೆಲ್ಲಗೆ ಕೆಳಗಿಳಿದಳು. ಒಡ್ಡಿನ ಬುಡಕ್ಕೆ ಬಂದು ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತಳು.

ಬುಡದಿಂದ ಬರುತ್ತಿದ್ದ ರಾಡಿ ನೀರಿನಲ್ಲಿ ಒಂದು ಬಿಳಿ ಎಳೆ ಕೂಡಿಕೊಂಡಿತ್ತು. ನೋಡನೋಡುತ್ತಿದ್ದ ಹಾಗೆ ಅದು ದಪ್ಪವಾಯಿತು. ಚಹಾ ಬಣ್ಣದ ರಾಡಿಯ ಜೊತೆ ಸುತ್ತಿಕೊಂಡು, ಕಸಕಡ್ಡಿ ದಾಟಿ, ಭಾಯಿಯ ಮನೆಯ ಮುಂದಿನ ಗಟಾರಿನ ಕಡೆ ಹರಿಯಿತು. ಅರ್ಧ ಚೊಂಬಿನಷ್ಟು ಹಾಲು. ಒಂದು ಹನಿಯೂ ಒಳಗೆ ಉಳಿದ ಹಾಗೆ ಕಾಣಲಿಲ್ಲ.

ಕಾಕಾ ಶಿವಾ ಅನ್ನುವುದನ್ನೂ ಮರೆತರು. ನಾನು ಅವಳ ತೋಳು ಹಿಡಿದುಕೊಂಡೆ. ಅತ್ತೆ ಬಿಳಿ ಬಣ್ಣ ಪೂರ್ತಿ ಹರಿದು ಹೋಗಿ ಬರೀ ರಾಡಿ ಬರುವ ತನಕ ನೋಡಿದಳು. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು, ಗಂಟು ಹೊತ್ತಿದ್ದ ಹುಡುಗಿಯ ಕಡೆ ತಿರುಗಿದಳು.

‘ಎಷ್ಟರಾಗ ಅದೀಯವಾ?’

‘ಎಂಟು ತುಂಬೇತ್ರಿ ಅಜ್ಜಿ.’

‘ಗಂಟು ಇಳಸು. ಬಸರಿ ಹೆಂಗಸು ಭಾರ ಹೊರಬಾರದು.’ ಹುಡುಗಿ ಇಳಿಸುವ ತನಕ ಅವಳು ಬಿಡಲಿಲ್ಲ. ಆಮೇಲೆ ನನಗೆ, ‘ಇದು ಎಂದಿನಿಂದ ಬರಾಕತ್ತೈತಿ?’ ಎಂದು ಕೇಳಿದಳು.

ಹೇಳಿದೆ. ಸುಳಿ, ಹುತ್ತದ ಓಣಿ, ಒಡ್ಡು ಒಡೆದರೆ ಮೊದಲು ಹೋಗುವ ಮನೆ ಯಾವುದು, ಎಲ್ಲವನ್ನೂ ಹೇಳಿದೆ. ಮುಚ್ಚಿಟ್ಟದ್ದಕ್ಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

‘ಅಗೀರಿ,’ ಅಂದಳು.

‘ಇವತ್ತ ಪಂಚಮಿ ಐತ್ರಿ ಅವ್ವಾರ,’ ಅಂದರು ಕಾಕಾ.

‘ಪಂಚಮಿ ಯಾವತ್ತಂತ ನನಗ ನೀ ಹೇಳತೀಯೇನೋ? ನಿನ್ನ ತೊಟ್ಟಲದಾಗ ನೋಡೇನಿ ನಾ.’ ಅವಳ ದನಿ ಎಲ್ಲರಿಗೂ ಕೇಳುವ ಹಾಗಿತ್ತು. ‘ನಾ ಅಗಸಾಕತ್ತೇನಿ ಅಂತ ಎಲ್ಲಾರಿಗೂ ಹೇಳ್ರಿ. ಪಾಪ ಬಂದ್ರ ನನ್ನ ತಲಿಗೆ ಬರಲಿ. ಕಳಕೊಳ್ಳಾಕ ನನಗ ಇನ್ನ ಯಾರದಾರ?’

ನಾನು ಅವಳ ತೋಳು ಹಿಡಿದುಕೊಂಡೇ ನಿಂತಿದ್ದೆ. ಆ ಮಾತು ಚುಚ್ಚಿತು, ಇಲ್ಲ ಅನ್ನುವುದಿಲ್ಲ. ಆದರೆ ಅವಳಿಗೆ ಆಗ ನಾನು ಕಾಣುತ್ತಿರಲಿಲ್ಲ.

ಗುದ್ದಲಿ ಭಾಯಿಯ ಕಾಲ ಹತ್ತಿರ ಬಿದ್ದಿತ್ತು. ಅವರು ಅದನ್ನು ಎತ್ತಿಕೊಂಡು ನನಗೆ ಕೊಡಲು ಬಂದರು. ಅತ್ತೆ ತಡೆದಳು. ‘ಅಕಿ ಮೊಣಕಾಲು ಹೋಗ್ಯಾವು, ಅಕಿ ಏನು ಅಗೀತಾಳು? ನೀನ ಹಾಕೋ ತಮ್ಮಾ. ನಾ ಇಲ್ಲೇ ನಿಂತಿರತೇನಿ. ಯಾರರ ಕೇಳಿದ್ರ ಅಜ್ಜಿ ನಿಂತು ಅಗಸ್ಯಾಳ ಅನ್ನು.’

ಭಾಯಿ ಕಾಕಾ ಅವರ ಮುಖ ನೋಡಿದರು. ಕಾಕಾ ಬೇರೆ ಕಡೆ ತಿರುಗಿದರು. ಭಾಯಿ ತಲೆಗೆ ಕರವಸ್ತ್ರ ಕಟ್ಟಿಕೊಂಡು, ಬಾಯಲ್ಲೇ ದೇವರ ಹೆಸರು ಹೇಳಿಕೊಂಡು, ಮೊದಲ ಏಟು ಹಾಕಿದರು. ಕುಂಕುಮ ಹತ್ತಿದ ಮಣ್ಣು ಹೆಂಟೆಹೆಂಟೆಯಾಗಿ ಉರುಳಿತು. ಅತ್ತೆ ಕಣ್ಣು ಮುಚ್ಚಲಿಲ್ಲ.

ಹಾವು ಬರಲಿಲ್ಲ. ಹಾವಿನ ಪೊರೆಯೂ ಸಿಗಲಿಲ್ಲ. ಗೆದ್ದಲಿನ ಗೂಡುಗಳು ಬಂದವು, ಆಮೇಲೆ ಒಂದು ಇಲಿಯ ಬಿಲ ಬಂತು. ಬಿಲದ ತುಂಬ ಮೆತ್ತನೆಯ ಅರಳೆ, ಕಾಕಾ ಅವರ ಹೊಲದ ಹೋದ ಸುಗ್ಗಿಯದು. ಅದನ್ನು ನೋಡಿ ಕಾಕಾ ಅವರಿಗೆ ಏನನ್ನಿಸಿತೋ, ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಬುಟ್ಟಿ ಹಿಡಿದರು. ಆಮೇಲೆ ಕೆಳಗಿನ ಓಣಿಯ ಗಂಡಸರು ಬಂದರು, ಆ ಕಡೆಯ ಹೊಲದವರೂ ಬಂದರು. ನೀರಿನ ಕಡೆಗೆ ಹೋಗಿದ್ದ ತೂತು ನನ್ನ ತೋಳು ಹೊಗುವಷ್ಟು ಅಗಲವಿತ್ತು. ಅದನ್ನು ತುದಿಯವರೆಗೆ ಬಿಡಿಸಿ, ಎರೆಮಣ್ಣು, ಗರಸಿನ ಹರಳು ಕಲಸಿ ತುಂಬಿ, ಮರದ ದಿಮ್ಮಿಯಿಂದ ಕುಟ್ಟಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬುಡದ ರಾಡಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿ ತಿಳಿ ನೀರು ಹನಿಹನಿಯಾಗಿ ಜಿನುಗಿತು. ಭಾಯಿ ಅದನ್ನು ಅಂಗೈಯಲ್ಲಿ ಹಿಡಿದು ತಂದು ನನಗೆ ತೋರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಮಗಳು ಅತ್ತೆಗೆ ಚಹಾ ತಂದುಕೊಟ್ಟಳು. ಅತ್ತೆ ಅಷ್ಟೂ ಹೊತ್ತು ಕಲ್ಲಿನ ಮೇಲೆ ಕೂತು, ಹುತ್ತ ಇದ್ದ ಜಾಗವನ್ನೇ ನೋಡುತ್ತಿದ್ದಳು.

ಆಟೋದಲ್ಲಿ ಮರಳುವಾಗ ನನಗೆ ಎಷ್ಟೋ ವರ್ಷದ ಮೇಲೆ ಹಗುರಾಗಿತ್ತು. ಮನೆಗಳು ಉಳಿದವು, ಒಡ್ಡು ಉಳಿಯಿತು, ಅಪ್ಪನಿಗೂ ಆಗದೇ ಇದ್ದ ಕೆಲಸ ಮುಗಿಯಿತು. ಅತ್ತೆಯ ಕೈ ಹಿಡಿದು, ದೊಡ್ಡ ಕೆಲಸ ಮಾಡಿದಿ ಅತ್ತಿ, ಅಂದೆ. ಅವಳು ಖಾಲಿ ಚೊಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ರಸ್ತೆ ನೋಡುತ್ತಿದ್ದಳು.

‘ಅಂದ್ರ ಇಷ್ಟು ವರ್ಷ ಅಂವಗ ಮುಟ್ಟೇ ಇಲ್ಲೇನ?’ ಅಂದಳು.

ಮೊದಲು ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ಲಗುಬಗೆಯಿಂದ, ‘ಹಂಗೇನಿಲ್ಲ ಅತ್ತಿ, ತೂತು ಬಿದ್ದದ್ದು ಈ ವರ್ಷ. ಮೊದಲಿನ ಹಾಲೆಲ್ಲಾ ಕೂಸಿಗೆ ಮುಟ್ಟೈತಿ, ಮುಟ್ಟದ ಎಲ್ಲಿ ಹೋಗತೈತಿ?’ ಎಂದೆ.

‘ಸುಮ್ಕಿರವಾ,’ ಅಂದಳು ಅತ್ತೆ. ‘ನಾ ಕಣ್ಣಿಲೆ ನೋಡೇನಿ.’